ಗಾಂಜಾ: ಅಂಗಡಿಗೂ ಜೈಲಿಗೂ ನಡುವೆ

ಎರಡನೇ ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ಗಾಂಜಾದ ಬಗ್ಗೆ ಇರುವುದು ಒಂದು ಪ್ಯಾರಾ, ಒಂದು ರಾಸಾಯನಿಕ ರಚನೆ, ಎಲೆಗಳ ಒಂದು ಚಿತ್ರ. ಕುಮಟಾದ ನಮ್ಮ ಕಾಲೇಜಿನಲ್ಲಿ ಅದನ್ನು ಓದಿಸಿ ಮುಂದಿನ ಪಾಠಕ್ಕೆ ಹೋಗುವ ಗಡಿಬಿಡಿಯಲ್ಲಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಸರ್, ಕೆನಡಾದಲ್ಲಿ ಇದನ್ನು ಅಂಗಡಿಯಲ್ಲಿ ಮಾರುತ್ತಾರೆ. ಇಲ್ಲಿ ಸೇದಿದರೆ ಜೈಲು. ಗಿಡ ಒಂದೇ ಅಲ್ಲವೇ?” ತರಗತಿಯೆಲ್ಲ ನಕ್ಕಿತು. ಅವನು ನಗಲಿಲ್ಲ. ಅವನ ಮನೆ ಗೋಕರ್ಣದ ಪಕ್ಕದ ಹಳ್ಳಿಯಲ್ಲಿ. ಶಿವರಾತ್ರಿಗೆ ಬರುವ ಸಾಧುಗಳ ಚಿಲುಮೆಯನ್ನು, ಕುಡ್ಲೆ ಕಡಲತೀರದಲ್ಲಿ ಸಂಜೆ ಕೂರುವ ಪ್ರವಾಸಿಗರನ್ನು, ಅವರನ್ನು ಹುಡುಕಿಕೊಂಡು ಬರುವ ಪೊಲೀಸ್ ಜೀಪನ್ನು ಚಿಕ್ಕಂದಿನಿಂದ ನೋಡಿದವನು. ತಾನು ನೋಡಿದ್ದರಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬುದು ಅವನಿಗೆ ನಿಜವಾಗಿಯೂ ಬೇಕಿತ್ತು. ಗಂಟೆ ಹೊಡೆಯಿತು, ನನ್ನ ಉತ್ತರ ಅರ್ಧಕ್ಕೇ ನಿಂತಿತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗಿಡ ಒಂದೇ, ಅದು ನಿಜ. ಆದರೆ ಅದರಿಂದ ಬರುವ ಮಾಲು ಮೂರು ಬಗೆಯದು. ಎಲೆಯನ್ನು ಅರೆದು ಹಾಲಿಗೋ ಬೆಲ್ಲದ ನೀರಿಗೋ ಸೇರಿಸಿದರೆ ಭಂಗಿ. ಹೆಣ್ಣು ಗಿಡದ ಹೂಗೊಂಚಲನ್ನು ಒಣಗಿಸಿದರೆ ಗಾಂಜಾ. ಆ ಹೂವಿನ ಮೇಲಿನ ಅಂಟನ್ನು ಉಜ್ಜಿ ತೆಗೆದು ಉಂಡೆ ಕಟ್ಟಿದರೆ ಚರಸ್. ಅಮಲು ತರುವ ಟಿಎಚ್‌ಸಿ ಎಂಬ ರಾಸಾಯನಿಕ ಎಲೆಯಲ್ಲಿ ಕಡಿಮೆ, ಹೂವಿನಲ್ಲಿ ಹೆಚ್ಚು, ಅಂಟಿನಲ್ಲಿ ಇನ್ನೂ ಹೆಚ್ಚು. ನಮ್ಮ ಕಾನೂನಿನ ಗೆರೆಯೂ ಹೆಚ್ಚುಕಡಿಮೆ ಇದೇ ಜಾಡಿನಲ್ಲಿದೆ. 1985ರ ಮಾದಕ ವಸ್ತುಗಳ ಕಾಯ್ದೆ, ಅಂದರೆ ಎಲ್ಲರೂ ಎನ್‌ಡಿಪಿಎಸ್ ಎಂದು ಕರೆಯುವ ಕಾನೂನು, ಹೂಗೊಂಚಲನ್ನು ಮತ್ತು ಅಂಟನ್ನು ಹಿಡಿಯುತ್ತದೆ. ಹೂವಿನ ಜೊತೆಗಿಲ್ಲದ ಬರಿಯ ಎಲೆಯನ್ನು, ಬೀಜವನ್ನು ಬಿಟ್ಟುಬಿಡುತ್ತದೆ. ಭಂಗಿಯ ವಿಚಾರ ಆಯಾ ರಾಜ್ಯದ ಅಬಕಾರಿ ನಿಯಮಕ್ಕೆ ಸೇರಿದ್ದು. 2022ರಲ್ಲಿ ಕರ್ನಾಟಕ ಹೈಕೋರ್ಟ್ ಭಂಗಿ ಈ ಕಾಯ್ದೆಯ ಪಟ್ಟಿಗೆ ಬರುವುದಿಲ್ಲವೆಂದು ಹೇಳಿ ಆರೋಪಿಯೊಬ್ಬರಿಗೆ ಜಾಮೀನು ಕೊಟ್ಟದ್ದು ಇದೇ ಆಧಾರದ ಮೇಲೆ. ಹಾಗಾಗಿ ‘ಭಾರತದಲ್ಲಿ ಗಾಂಜಾ ಗಿಡವೇ ನಿಷಿದ್ಧ’ ಎನ್ನುವವರೂ, ‘ಶಿವನ ಪ್ರಸಾದಕ್ಕೆ ಕಾನೂನು ಅಡ್ಡ ಬರುವುದಿಲ್ಲ’ ಎನ್ನುವವರೂ ಅರ್ಧ ಸತ್ಯವನ್ನೇ ಹೇಳುತ್ತಾರೆ.

ಶಿಕ್ಷೆಯ ಲೆಕ್ಕವೂ ಹುಡುಗರಿಗೆ ಗೊತ್ತಿರಬೇಕು; ಅವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಸೇದಿದ್ದಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗಾಂಜಾ ಇಟ್ಟುಕೊಂಡಿದ್ದರೆ ತೂಕ ಮುಖ್ಯ: 1 ಕೆ.ಜಿ.ವರೆಗೆ ಸಣ್ಣ ಪ್ರಮಾಣ, ಒಂದು ವರ್ಷದವರೆಗೆ ಸಜೆ. 20 ಕೆ.ಜಿ.ಗೆ ಮೇಲೆ ಹೋದರೆ ವಾಣಿಜ್ಯ ಪ್ರಮಾಣ, ಹತ್ತರಿಂದ ಇಪ್ಪತ್ತು ವರ್ಷ. ನಡುವಿನದ್ದಕ್ಕೆ ಹತ್ತು ವರ್ಷದವರೆಗೆ. ಚರಸ್ ಆದರೆ ಸಣ್ಣ ಪ್ರಮಾಣದ ಮಿತಿ ಬರೀ 100 ಗ್ರಾಂ. ಬೆಳೆದವನ ಮೇಲೆ ಇನ್ನೊಂದು ಕಲಮು ಬೀಳುತ್ತದೆ. ಮೆಕ್ಕೆಜೋಳದ ಸಾಲಿನ ನಡುವೆಯೋ ಶುಂಠಿ ಗದ್ದೆಯ ಅಂಚಿನಲ್ಲೋ ನಾಲ್ಕು ಗಿಡ ಬೆಳೆಸಿದವನಿಗೂ ಹತ್ತು ವರ್ಷದವರೆಗೆ ಶಿಕ್ಷೆಯಾಗಬಹುದು. ಸಣ್ಣ ಪ್ರಮಾಣವೆಂಬ ರಿಯಾಯಿತಿ ಆ ಕಲಮಿನಲ್ಲಿ ಇಲ್ಲ.

ಈ ಬಿಗಿ ಹಿಂದಿನಿಂದ ಬಂದದ್ದಲ್ಲ. 1893ರಲ್ಲಿ ಬ್ರಿಟಿಷ್ ಸರ್ಕಾರ ಇದೇ ಪ್ರಶ್ನೆಗೆ ಒಂದು ಆಯೋಗ ನೇಮಿಸಿತ್ತು. ದೇಶದ ಉದ್ದಗಲ ಓಡಾಡಿ ಸಾವಿರಕ್ಕೂ ಹೆಚ್ಚು ಸಾಕ್ಷಿಗಳ ಮಾತು ಕೇಳಿ 1894ರಲ್ಲಿ ಅದು ವರದಿ ಕೊಟ್ಟಿತು. ಮಿತವಾಗಿ ಬಳಸುವವರಿಗೆ ಹೇಳಿಕೊಳ್ಳುವಂಥ ಹಾನಿ ಕಾಣಲಿಲ್ಲ, ಅತಿಯಾಗಿ ಬಳಸುವವರಿಗೆ ಹಾನಿ ಇದೆ, ಪೂರ್ತಿ ನಿಷೇಧಿಸುವುದಕ್ಕಿಂತ ತೆರಿಗೆ ಹಾಕಿ ಪರವಾನಗಿಯ ಹಿಡಿತದಲ್ಲಿಡುವುದು ಮೇಲು ಎಂಬುದು ಅದರ ತೀರ್ಮಾನ. ಮುಂದೆ 1961ರ ಅಂತಾರಾಷ್ಟ್ರೀಯ ಒಪ್ಪಂದ ಬಂತು. ಗಾಂಜಾದ ಸಾಂಪ್ರದಾಯಿಕ ಬಳಕೆ ನಿಲ್ಲಿಸಲು 25 ವರ್ಷಗಳ ಗಡುವು ಸಿಕ್ಕಿತು. ಆ ಗಡುವು ಮುಗಿಯುವ ಹೊತ್ತಿಗೆ 1985ರ ಕಾಯ್ದೆ ಜಾರಿಯಾಯಿತು. ಗಾಂಜಾ ಬೇಕೆನ್ನುವವರು 1894ರ ವರದಿಯನ್ನು ಬಹಳ ಪ್ರೀತಿಯಿಂದ ಉಲ್ಲೇಖಿಸುತ್ತಾರೆ. ಆದರೆ ಆ ವರದಿ ನೋಡಿದ್ದು ಆ ಕಾಲದ ಗಾಂಜಾವನ್ನು, ಅದನ್ನು ಬಳಸುತ್ತಿದ್ದ ಆ ಕಾಲದ ಜನರನ್ನು. ಮೆದುಳಿನ ಒಳಗೆ ಏನಾಗುತ್ತದೆಂದು ನೋಡುವ ದಾರಿ ಆಗ ಯಾರಿಗೂ ಇರಲಿಲ್ಲ.

ಈಗ ಇದೆ. ಅದನ್ನು ವಿವರಿಸಲು ನಾನು ಮಕ್ಕಳಿಗೆ ಅಘನಾಶಿನಿ ದಂಡೆಯ ಗಜನಿ ಗದ್ದೆಗಳನ್ನು ನೆನಪಿಸುತ್ತೇನೆ. ಮಾಣಿಕಟ್ಟಾದ ಕಡೆ ಕಗ್ಗ ಭತ್ತ ಬೆಳೆಯುವ ಈ ಗದ್ದೆಗಳು ಉಬ್ಬರದ ನೀರಿಗಿಂತ ತಗ್ಗಿನಲ್ಲಿವೆ. ಒಡ್ಡಿನಲ್ಲಿ ಕೂರಿಸಿದ ಹಲಗೆಯ ಬಾಗಿಲುಗಳಿವೆ. ಉಬ್ಬರ ಬಂದಾಗ ಬಾಗಿಲು ಮುಚ್ಚಿ ಉಪ್ಪುನೀರನ್ನು ತಡೆಯಬೇಕು. ಇಳಿತದಲ್ಲಿ ತೆರೆದು ಗದ್ದೆಯ ನೀರನ್ನು ಹೊರಗೆ ಬಿಡಬೇಕು. ಎಷ್ಟು ಹೊತ್ತಿಗೆ, ಎಷ್ಟು ಎಂಬುದರಲ್ಲೇ ಫಸಲು ನಿಂತಿದೆ. ಮೆದುಳಿನ ಕೋಶಗಳ ನಡುವೆಯೂ ಹೀಗೆ ಸಂದೇಶಗಳ ಹರಿವಿದೆ, ಬಾಗಿಲುಗಳಿವೆ. ಹರಿವು ಹೆಚ್ಚಾದಾಗ ಸಂದೇಶ ಪಡೆಯುವ ಕೋಶವೇ ಕಳಿಸುವ ಕೋಶಕ್ಕೆ ‘ಸಾಕು’ ಎಂದು ತಿರುಗಿ ಹೇಳುತ್ತದೆ. ಹಾಗೆ ಹೇಳುವುದಕ್ಕೆ ನಮ್ಮ ದೇಹವೇ ತಯಾರಿಸುವ ರಾಸಾಯನಿಕಗಳಲ್ಲಿ ಒಂದನ್ನು 1992ರಲ್ಲಿ ಇಸ್ರೇಲಿನ ರಾಫೇಲ್ ಮೆಶೂಲಮ್ ಅವರ ತಂಡ ಪತ್ತೆ ಮಾಡಿತು. ಸಂಸ್ಕೃತದ ‘ಆನಂದ’ ಎಂಬ ಪದವನ್ನೇ ತೆಗೆದುಕೊಂಡು ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟಿತು. 1964ರಲ್ಲಿ ಗಿಡದಿಂದ ಟಿಎಚ್‌ಸಿಯನ್ನು ಬೇರ್ಪಡಿಸಿದವರೂ ಇದೇ ಮೆಶೂಲಮ್ ಮತ್ತು ಅವರ ಸಹೋದ್ಯೋಗಿ.

ಆನಂದಮೈಡ್ ಬೇಕಾದ ಜಾಗದಲ್ಲಿ, ಬೇಕಾದ ಗಳಿಗೆಯಲ್ಲಿ ಹುಟ್ಟಿ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಟಿಎಚ್‌ಸಿ ಹಾಗಲ್ಲ. ಅದೇ ಬಾಗಿಲುಗಳ ಅಗುಳಿಗೆ ಸರಿಯಾಗಿ ಕೂತು, ಎಲ್ಲ ಬಾಗಿಲುಗಳನ್ನೂ ಒಮ್ಮೆಗೇ ಒತ್ತಿ ಹಿಡಿದು, ಗಂಟೆಗಟ್ಟಲೆ ಬಿಡುವುದಿಲ್ಲ. ನೆನಪಿನ ಭಾಗದಲ್ಲಿ ಈ ಅಗುಳಿಗಳು ಬಹಳ, ಆದ್ದರಿಂದ ಈಗ ಹೇಳಿದ್ದು ಈಗಲೇ ಮರೆಯುತ್ತದೆ. ದೇಹದ ತೋಲ ಕಾಯುವ ಭಾಗದಲ್ಲೂ ಬಹಳ, ಆದ್ದರಿಂದ ಬೈಕ್ ಓಡಿಸುವುದು ಅಪಾಯ. ಕಾಲದ ಅಳತೆ ತಪ್ಪುತ್ತದೆ, ಹಸಿವು ಕೆರಳುತ್ತದೆ, ಎದೆಬಡಿತ ಏರುತ್ತದೆ. ಉಸಿರಾಟವನ್ನು ನಡೆಸುವ ಮೆದುಳಿನ ಬುಡದಲ್ಲಿ ಮಾತ್ರ ಈ ಅಗುಳಿಗಳು ತೀರ ವಿರಳ. ಹೆರಾಯಿನ್ ಉಸಿರು ನಿಲ್ಲಿಸಿ ಕೊಲ್ಲುವಂತೆ ಗಾಂಜಾ ಕೊಲ್ಲದಿರುವುದು ಅದಕ್ಕೇ. ‘ಗಾಂಜಾದಿಂದ ಯಾರೂ ಸತ್ತಿಲ್ಲ’ ಎಂಬ ವಾದ ಹುಟ್ಟಿದ್ದು ಇಲ್ಲಿಂದ. ಆ ಮಾತಿನಲ್ಲಿ ಹುರುಳಿದೆ. ಆದರೆ ಸಾವು ಒಂದೇ ಹಾನಿಯಲ್ಲ.

ಹದಿಹರೆಯದ ಮೆದುಳು ಇನ್ನೂ ಒಡ್ಡು ಕಟ್ಟುತ್ತಿರುವ ಗದ್ದೆ. ಮುಂದಾಲೋಚನೆ, ಸಂಯಮ ನೋಡಿಕೊಳ್ಳುವ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯಲು ಸುಮಾರು ಇಪ್ಪತ್ತೈದು ವರ್ಷ ಬೇಕು. ಯಾವ ಸಂಪರ್ಕ ಉಳಿಯಬೇಕು, ಯಾವುದು ಕಳಚಬೇಕು ಎಂದು ತೀರ್ಮಾನವಾಗುವ ಕಾಲದಲ್ಲಿ ಇದೇ ಬಾಗಿಲುಗಳು ಕೆಲಸದಲ್ಲಿರುತ್ತವೆ. ಆಗ ಹೊರಗಿನ ಕೈ ಅವನ್ನು ದಿನವೂ ಒತ್ತಿ ಹಿಡಿದರೆ ಏನಾಗಬಹುದು ಎಂಬುದೇ ಈ ಚರ್ಚೆಯ ತಿರುಳು. ನಲವತ್ತು ವರ್ಷದ ಸಾಧು ಮತ್ತು ಹದಿನಾರು ವರ್ಷದ ವಿದ್ಯಾರ್ಥಿ ಒಂದೇ ಚಿಲುಮೆ ಸೇದಿದರೂ ಇಬ್ಬರ ಒಳಗೆ ನಡೆಯುವುದು ಒಂದೇ ಅಲ್ಲ.

ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ ಕೊನೆಕೊಯ್ಲಿನ ಕಾಲದಲ್ಲಿ ಶಿರಸಿ ಸೀಮೆಯ ಒಳಗಿನ ಊರಿನ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಅಂಗಳದಲ್ಲಿ ರಾತ್ರಿ ಅಡಿಕೆ ಸುಲಿಗೆ ನಡೆದಿತ್ತು. ಬಲ್ಬಿನ ಕೆಳಗೆ ಏಳೆಂಟು ಮಂದಿ ಮೆಟ್ಟುಗತ್ತಿಯ ಮೇಲೆ ಕುಳಿತಿದ್ದರು. ಸಿಪ್ಪೆ ಸೀಳುವ ಸದ್ದು, ಬುಟ್ಟಿಗೆ ಅಡಿಕೆ ಬೀಳುವ ಸದ್ದು, ನಡುನಡುವೆ ಮಾತು, ನಗು. ಚಿಕ್ಕಪ್ಪನ ಮಗ ಜಗುಲಿಯ ಕಂಬಕ್ಕೆ ಒರಗಿ ನಿಂತಿದ್ದ. ದೊಡ್ಡ ಊರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದವನು, ಪರೀಕ್ಷೆಗೆ ಮೊದಲೇ ಊರಿಗೆ ಬಂದುಬಿಟ್ಟಿದ್ದ. ನನ್ನ ಕೈ ಹಿಡಿದು ಪಿಸುಗುಟ್ಟಿದ: “ಅಣ್ಣ, ಅವರೆಲ್ಲ ನನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ. ನಿನಗೆ ಕೇಳಿಸುತ್ತಿಲ್ಲವೇ?” ಅವರು ಮಾತಾಡುತ್ತಿದ್ದದ್ದು ಮುಂದಿನ ಮಾರಿಜಾತ್ರೆಗೆ ಬರುವ ನಾಟಕ ಕಂಪನಿಯ ಬಗ್ಗೆ. ಅವನ ಅಂಗೈ ಬೆವರಿತ್ತು, ಹಿಡಿತ ನೋಯುವಷ್ಟು ಬಿಗಿಯಾಗಿತ್ತು. ಆ ಕೈಯನ್ನು ನಾನು ಅವನು ಐದು ವರ್ಷದವನಿದ್ದಾಗ ಹಿಡಿದು ಶಾಲೆಗೆ ಬಿಟ್ಟಿದ್ದೆ.

ಹಾಸ್ಟೆಲಿನಲ್ಲಿ ಎರಡು ವರ್ಷದಿಂದ ದಿನವೂ ಸೇದುತ್ತಿದ್ದ ಎಂಬುದು ಆಮೇಲೆ ತಿಳಿಯಿತು. ಅವರ ಬಾಯಲ್ಲಿ ಅದಕ್ಕೆ ‘ಸೊಪ್ಪು’ ಎಂಬ ಹೆಸರು. ಅಡುಗೆಮನೆಯ ಮಾತಿನಷ್ಟು ನಿರಪಾಯವಾಗಿ ಕೇಳುವ ಹೆಸರು.

ಇಲ್ಲಿ ಒಂದು ಎಚ್ಚರ ಬೇಕು. ಗಾಂಜಾ ಒಂದರಿಂದಲೇ ಹೀಗಾಯಿತೆಂದು ಅವನಿಗೆ ಚಿಕಿತ್ಸೆ ಕೊಟ್ಟ ವೈದ್ಯರು ಹೇಳಲಿಲ್ಲ. ನಮ್ಮ ಅಜ್ಜನ ತಂಗಿಯೊಬ್ಬರು ಮದುವೆಯಾದ ಕೆಲವೇ ವರ್ಷಗಳಲ್ಲಿ ಮಾತು ಬಿಟ್ಟು ಮೂಲೆ ಹಿಡಿದವರು. ಬೀಜ ಮನೆತನದಲ್ಲಿ ಮೊದಲೇ ಇತ್ತು. ಸಂಶೋಧನೆಗಳು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಸೇರಿದ 45 ಸಾವಿರಕ್ಕೂ ಹೆಚ್ಚು ಯುವಕರನ್ನು ಹದಿನೈದು ವರ್ಷ ಗಮನಿಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐವತ್ತಕ್ಕೂ ಹೆಚ್ಚು ಬಾರಿ ಗಾಂಜಾ ಬಳಸಿದ್ದವರಿಗೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಬರುವ ಸಂಭವ ಬಳಸದವರಿಗಿಂತ ಆರು ಪಟ್ಟು ಇತ್ತು. ಯುರೋಪಿನ ಹಲವು ನಗರಗಳಲ್ಲಿ ನಡೆದು 2019ರಲ್ಲಿ ಬಂದ ಅಧ್ಯಯನದಲ್ಲಿ ದಿನವೂ ಬಳಸುವವರಲ್ಲಿ ಚಿತ್ತವಿಕಲತೆಯ, ಅಂದರೆ ವಾಸ್ತವದ ಹಿಡಿತ ತಪ್ಪುವ ಸ್ಥಿತಿಯ, ಸಂಭವ ಮೂರು ಪಟ್ಟು, ಟಿಎಚ್‌ಸಿ ಶೇ 10ಕ್ಕಿಂತ ಹೆಚ್ಚಿರುವ ಮಾಲನ್ನು ದಿನವೂ ಬಳಸುವವರಲ್ಲಿ ಐದು ಪಟ್ಟಿನ ಹತ್ತಿರ. ‘ಪಟ್ಟು’ ಎಂಬ ಮಾತನ್ನು ಸರಿಯಾಗಿ ಓದಬೇಕು. ನೂರರಲ್ಲಿ ಒಬ್ಬರಿಗೂ ಬಾರದ ಕಾಯಿಲೆ ಐದು ಪಟ್ಟಾದರೂ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಹುಡುಗರ ಕಣ್ಣಿಗೆ ಬೀಳುವುದು ಏನೂ ಆಗದ ಆ ಹೆಚ್ಚಿನವರು. ಆಗುವ ಒಬ್ಬ ಯಾರೆಂದು ಮೊದಲೇ ಗುರುತಿಸುವ ಪರೀಕ್ಷೆ ಎಲ್ಲಿಯೂ ಇಲ್ಲ.

ಉಳಿದ ಹಾನಿಗಳು ಇದರಷ್ಟು ಭಯಂಕರವಲ್ಲ, ಆದರೆ ಹೆಚ್ಚು ಜನರನ್ನು ಮುಟ್ಟುತ್ತವೆ. ಚಟ ಅಂಟುವುದಿಲ್ಲ ಎಂಬುದು ಸುಳ್ಳು. ಅಮೆರಿಕದ ಅಧ್ಯಯನಗಳ ಪ್ರಕಾರ ಒಮ್ಮೆಯಾದರೂ ಬಳಸಿದವರಲ್ಲಿ ಶೇ 9ರಷ್ಟು ಮಂದಿಗೆ ಅದು ಅಂಟುತ್ತದೆ. ಹದಿಹರೆಯದಲ್ಲಿ ಶುರು ಮಾಡಿದವರಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ. ಬಿಟ್ಟಾಗ ನಿದ್ದೆ ಬಾರದು, ಊಟ ಸೇರದು, ಸಿಡುಕು. ಗರ್ಭಿಣಿ ಸೇದಿದರೆ ಮಗುವಿನ ತೂಕ ಕಡಿಮೆಯಾಗುತ್ತದೆ. ವರ್ಷಗಟ್ಟಲೆ ಸೇದಿದ ಕೆಲವರಿಗೆ ತಡೆಯಲಾಗದ ವಾಂತಿಯ ಕಾಯಿಲೆ ಬರುತ್ತದೆ. ಬಿಸಿನೀರಿನ ಸ್ನಾನ ಮಾಡುವಷ್ಟು ಹೊತ್ತು ಮಾತ್ರ ಅವರಿಗೆ ಆರಾಮ. ಬುದ್ಧಿಶಕ್ತಿ ಶಾಶ್ವತವಾಗಿ ಕುಗ್ಗುತ್ತದೆಯೇ ಎಂಬುದರಲ್ಲಿ ಮಾತ್ರ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ನ್ಯೂಜಿಲೆಂಡಿನ ಅಧ್ಯಯನವೊಂದು ಹೌದೆಂದಿತು, ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನಗಳು ಅದನ್ನು ಒಪ್ಪಲಿಲ್ಲ. ಈ ಹಾನಿಯನ್ನು ಖಚಿತವೆಂಬಂತೆ ಮಕ್ಕಳಿಗೆ ಹೇಳಬಾರದು. ಒಂದು ಕಡೆ ಉತ್ಪ್ರೇಕ್ಷೆ ಸಿಕ್ಕಿಬಿದ್ದರೆ ನಮ್ಮ ಉಳಿದ ಮಾತನ್ನೂ ಅವರು ನಂಬುವುದಿಲ್ಲ.

ಮಾಲೂ ಬದಲಾಗಿದೆ. ಅಮೆರಿಕದ ಪೊಲೀಸರು ವಶಪಡಿಸಿಕೊಂಡ ಗಾಂಜಾದಲ್ಲಿ 1995ರಲ್ಲಿ ಟಿಎಚ್‌ಸಿ ಸರಾಸರಿ ಶೇ 4ರಷ್ಟಿತ್ತು. 2014ರ ಹೊತ್ತಿಗೆ ಶೇ 12ರಷ್ಟಾಗಿತ್ತು. ಅಜ್ಜ ಸೇದುತ್ತಿದ್ದ ಎಂಬ ಮಾತು ಇವತ್ತಿನ ಪೊಟ್ಟಣಕ್ಕೆ ಅನ್ವಯಿಸುವುದಿಲ್ಲ.

ಇಷ್ಟು ಹೇಳಿದ ಮೇಲೆ ಕಾನೂನುಬದ್ಧಗೊಳಿಸಿ ಎನ್ನುವವರ ಮಾತನ್ನು ನ್ಯಾಯವಾಗಿ ಕೇಳಬೇಕು. ಅವರ ಮೊದಲ ಪ್ರಶ್ನೆ ಮದ್ಯದ ಬಗ್ಗೆ. ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಕುಡಿಯುತ್ತಾರೆ, ಅವರಲ್ಲಿ 5.7 ಕೋಟಿ ಮಂದಿಗೆ ಕುಡಿತದ ತೊಂದರೆಗೆ ಸಹಾಯ ಬೇಕು. ಭಂಗಿ, ಗಾಂಜಾ, ಚರಸ್ ಎಲ್ಲ ಸೇರಿ ಬಳಸುವವರು 3.1 ಕೋಟಿ, ಸಹಾಯ ಬೇಕಾದವರು 72 ಲಕ್ಷ. ಹೆಚ್ಚು ಮನೆ ಹಾಳು ಮಾಡುವುದನ್ನು ಸರ್ಕಾರವೇ ಪರವಾನಗಿ ಕೊಟ್ಟು ಮಾರಿಸುತ್ತದೆ, ಕಡಿಮೆ ಮಾಡುವುದಕ್ಕೆ ಜೈಲು. ಇದು ಯಾವ ನ್ಯಾಯ? ಈ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ಅಡಿಕೆಯನ್ನೇ ನಂಬಿ ಬದುಕುವ ನಮ್ಮ ಜಿಲ್ಲೆಯವರಿಗಂತೂ ಈ ಮಾತು ಹತ್ತಿರದಿಂದ ತಟ್ಟಬೇಕು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಮನೆಗೆ ಬಂದವರ ಮುಂದೆ ನಾವು ಮೊದಲು ಇಡುವುದು ಕವಳದ, ಅಂದರೆ ಎಲೆ ಅಡಿಕೆಯ, ಬಟ್ಟಲು. ಕಾನೂನು ಒಪ್ಪಿದ್ದೆಲ್ಲ ಹಾನಿಯಿಲ್ಲದ್ದಲ್ಲ, ಒಪ್ಪದ್ದೆಲ್ಲ ಅತಿ ಹಾನಿಯದ್ದೂ ಅಲ್ಲ.

ಅವರ ಎರಡನೇ ಮಾತು, ನಿಷೇಧದಿಂದ ಬಳಕೆ ನಿಲ್ಲುವುದಿಲ್ಲ, ಕಳ್ಳ ಸಂತೆ ಬೆಳೆಯುತ್ತದೆ ಎಂಬುದು. ಇದಕ್ಕೆ ದೂರ ಹೋಗಬೇಕಿಲ್ಲ. 2007ರ ಜುಲೈನಲ್ಲಿ ಕರ್ನಾಟಕ ಸಾರಾಯಿ ನಿಷೇಧಿಸಿತು. ಪ್ಯಾಕೆಟ್ ಸಾರಾಯಿ ಹೋಯಿತು. ಕುಡಿತ ಅಗ್ಗದ ವಿಸ್ಕಿಗೆ ಹೊರಳಿತು. ಕಾರವಾರದಿಂದ ಗೋವಾಕ್ಕೆ ಹೋಗುವ ದಾರಿಯಲ್ಲಿ ಮಾಜಾಳಿ ತನಿಖಾ ಠಾಣೆಯಿದೆ. ಗಡಿಯಾಚೆ ಮದ್ಯ ಅಗ್ಗ. ಲಾರಿಯ ಚಾಸಿಯ ಕೆಳಗೆ, ತರಕಾರಿ ಬುಟ್ಟಿಯ ಅಡಿಯಲ್ಲಿ ಗೋವಾ ಮದ್ಯ ಸಿಕ್ಕ ಸುದ್ದಿಯನ್ನು ಕರಾವಳಿಯವರು ಓದುತ್ತಲೇ ಬಂದಿದ್ದೇವೆ. ಬೆಲೆಯ ವ್ಯತ್ಯಾಸ ಎಲ್ಲಿದೆಯೋ ಅಲ್ಲಿ ಕಳ್ಳ ಸಾಗಣೆ ಇದೆ. ಆದರೆ ಈ ಉದಾಹರಣೆ ಎರಡೂ ಕಡೆ ಕುಯ್ಯುತ್ತದೆ. ಮದ್ಯ ಕಾನೂನುಬದ್ಧವಾಗಿದ್ದೂ ಕಳ್ಳ ಸಾಗಣೆ ನಿಂತಿಲ್ಲವಲ್ಲ! ತೆರಿಗೆ ಹೆಚ್ಚಿಟ್ಟರೆ ಕಳ್ಳ ಮಾಲು ಉಳಿಯುತ್ತದೆ, ಕಡಿಮೆಯಿಟ್ಟರೆ ಬಳಕೆ ಏರುತ್ತದೆ. ಗಾಂಜಾ ಅಂಗಡಿ ತೆರೆದ ಕಡೆಯೆಲ್ಲ ಸರ್ಕಾರಗಳು ಇದೇ ಇಕ್ಕಟ್ಟಿನಲ್ಲಿ ಸಿಕ್ಕಿವೆ.

ಚರ್ಚೆಯಲ್ಲಿ ಹೆಚ್ಚು ಗೊಂದಲ ಆಗುವುದು ಎರಡು ಬೇರೆ ವಿಷಯಗಳನ್ನು ಒಂದೇ ಎಂದುಕೊಳ್ಳುವುದರಿಂದ. ಬಳಸಿದವನನ್ನು ಅಪರಾಧಿ ಎನ್ನದಿರುವುದು ಬೇರೆ. ಮಾರಲು ಅಂಗಡಿ ತೆರೆಯುವುದು ಬೇರೆ. ಪೋರ್ಚುಗಲ್ 2001ರಲ್ಲಿ ಮೊದಲನೆಯದನ್ನು ಮಾತ್ರ ಮಾಡಿತು. ಹತ್ತು ದಿನದ ಬಳಕೆಯಷ್ಟು ಮಾಲಿನೊಂದಿಗೆ ಸಿಕ್ಕಿದವನನ್ನು ನ್ಯಾಯಾಲಯಕ್ಕೆ ಕಳಿಸುವ ಬದಲು ಮೂವರ ಸಮಿತಿಯೊಂದರ ಮುಂದೆ ಕೂರಿಸುತ್ತಾರೆ. ಬೇಕಾದರೆ ಚಿಕಿತ್ಸೆಗೆ ಕಳಿಸುತ್ತಾರೆ. ಮಾರಾಟ ಅಲ್ಲಿ ಇಂದಿಗೂ ಅಪರಾಧವೇ. 2013ರಲ್ಲಿ ಪೂರ್ತಿ ಕಾನೂನುಬದ್ಧಗೊಳಿಸಿದ ಮೊದಲ ದೇಶ ಉರುಗ್ವೆ ಅಂಗಡಿಯನ್ನು ಬಿಗಿಯಾಗಿ ಹಿಡಿದಿದೆ. ಹೆಸರು ನೋಂದಾಯಿಸಿದ ನಿವಾಸಿಗಳಿಗೆ ಮಾತ್ರ, ಔಷಧ ಅಂಗಡಿಯಲ್ಲಿ, ತಿಂಗಳಿಗೆ 40 ಗ್ರಾಂವರೆಗೆ. ಜರ್ಮನಿ 2024ರ ಏಪ್ರಿಲ್‌ನಿಂದ ಮನೆಯಲ್ಲಿ ಮೂರು ಗಿಡ, ಜೇಬಿನಲ್ಲಿ 25 ಗ್ರಾಂ ಒಪ್ಪಿದೆ. ವ್ಯಾಪಾರದ ಅಂಗಡಿಗೆ ಒಪ್ಪಿಲ್ಲ. ಥಾಯ್ಲೆಂಡ್ ಮಾತ್ರ 2022ರ ಜೂನ್‌ನಲ್ಲಿ ಬಾಗಿಲು ತೆರೆದು ನಿಯಮ ಆಮೇಲೆ ಬರೆಯೋಣ ಎಂದಿತು. ಪ್ರವಾಸಿ ಬೀದಿಗಳಲ್ಲಿ ಸಾವಿರಾರು ಅಂಗಡಿಗಳು ಎದ್ದವು. ಮೂರೇ ವರ್ಷದಲ್ಲಿ, 2025ರಲ್ಲಿ, ವೈದ್ಯರ ಚೀಟಿ ಇದ್ದರೆ ಮಾತ್ರ ಎಂದು ಹಿಂದೆ ಸರಿಯಿತು. ಗೋಕರ್ಣದಲ್ಲಿ ಇದರಿಂದ ಪ್ರವಾಸೋದ್ಯಮ ಬೆಳೆಯುತ್ತದೆ ಎನ್ನುವವರು ನೋಡಬೇಕಾದದ್ದು ಥಾಯ್ಲೆಂಡನ್ನು.

ನನ್ನ ವಿದ್ಯಾರ್ಥಿ ಕೇಳಿದ ಕೆನಡಾ 2018ರ ಅಕ್ಟೋಬರ್ 17ರಿಂದ ಅಂಗಡಿ ತೆರೆಯಿತು. ಅಲ್ಲಿ ಒಳ್ಳೆಯದೂ ಆಗಿದೆ. ಸಣ್ಣ ಪ್ರಮಾಣಕ್ಕೆ ಜೈಲು ತಪ್ಪಿತು, ಕಳ್ಳ ಮಾರಾಟ ಕುಗ್ಗಿತು, ಪೊಟ್ಟಣದ ಮೇಲೆ ಟಿಎಚ್‌ಸಿ ಎಷ್ಟೆಂದು ಬರೆದಿರುತ್ತದೆ. ಕೆಟ್ಟದ್ದೂ ಆಗಿದೆ. ಚಾಕೊಲೇಟು, ಮಿಠಾಯಿಯ ರೂಪದ ಗಾಂಜಾ ತಿಂದು ಆಸ್ಪತ್ರೆ ಸೇರುವ ಪುಟ್ಟ ಮಕ್ಕಳ ಸಂಖ್ಯೆ ಏರಿತು. ತಿಂದ ಗಾಂಜಾದ ಅಮಲು ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ದೊಡ್ಡವರೇ ಏನೂ ಆಗಲಿಲ್ಲವೆಂದು ಇನ್ನೊಂದು ತುಂಡು ತಿಂದು ಒದ್ದಾಡುತ್ತಾರೆ. ಒಂಟಾರಿಯೊ ಪ್ರಾಂತದ ದಾಖಲೆಗಳನ್ನು ಆಧರಿಸಿ 2025ರಲ್ಲಿ ಬಂದ ಅಧ್ಯಯನದಲ್ಲಿ, ಹೊಸ ಸ್ಕಿಜೋಫ್ರೇನಿಯಾ ಪ್ರಕರಣಗಳಲ್ಲಿ ಗಾಂಜಾ ಚಟದೊಂದಿಗೆ ನಂಟಿರುವ ಪಾಲು ಶೇ 4ರ ಆಸುಪಾಸಿನಿಂದ ಶೇ 10ರ ಆಸುಪಾಸಿಗೆ ಏರಿದ್ದು ಕಂಡಿತು. ಒಟ್ಟು ಸ್ಕಿಜೋಫ್ರೇನಿಯಾ ಪ್ರಕರಣಗಳು ಏರಿರಲಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿದೆ. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಮೋಸವಾಗುತ್ತದೆ.

ಔಷಧದ ವಿಚಾರ ಸುಲಭ, ಅದರಲ್ಲಿ ಜಗಳವೇ ಬೇಕಿಲ್ಲ. ಅಮಲಿಲ್ಲದ ಸಿಬಿಡಿ ಎಂಬ ಅಂಶದಿಂದ ಮಾಡಿದ ಔಷಧಕ್ಕೆ ಮಕ್ಕಳ ಕೆಲವು ಬಗೆಯ ಕಠಿಣ ಅಪಸ್ಮಾರಕ್ಕೆ 2018ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಕೀಮೋಥೆರಪಿಯ ವಾಂತಿಗೆ ಟಿಎಚ್‌ಸಿಯ ಮಾತ್ರೆ 1985ರಿಂದಲೇ ಇದೆ. ಆಯುರ್ವೇದದಲ್ಲಿ ಇದೇ ಗಿಡಕ್ಕೆ ವಿಜಯಾ ಎಂಬ ಹೆಸರಿದೆ. ವಿಶ್ವಸಂಸ್ಥೆಯ ಮಾದಕ ವಸ್ತುಗಳ ಆಯೋಗ 2020ರ ಡಿಸೆಂಬರಿನಲ್ಲಿ ಗಾಂಜಾವನ್ನು ಅತಿ ಅಪಾಯದ ಪಟ್ಟಿಯಿಂದ 27–25 ಮತಗಳಿಂದ ತೆಗೆದಾಗ ಭಾರತವೂ ಪರವಾಗಿ ಮತ ಹಾಕಿತ್ತು. ನಾರಿಗೂ ಬೀಜಕ್ಕೂ ಬೆಳೆಯುವ, ಟಿಎಚ್‌ಸಿ ತೀರ ಕಡಿಮೆಯಿರುವ ಹೆಂಪ್ ತಳಿಗೆ ಉತ್ತರಾಖಂಡ 2018ರಲ್ಲೇ ಪರವಾನಗಿ ಕೊಟ್ಟಿದೆ. ಇವೆಲ್ಲ ಬೇಕು. ಆದರೆ ಅಫೀಮಿನಿಂದ ಮಾರ್ಫಿನ್ ಸಿಗುತ್ತದೆಂದು ಅಫೀಮಿನ ಅಂಗಡಿ ಯಾರೂ ಕೇಳುವುದಿಲ್ಲ. ಗಾಂಜಾಕ್ಕೂ ಅದೇ ಅಳತೆ ಸಾಕು.

ನನ್ನ ತೀರ್ಮಾನವನ್ನು ಮುಚ್ಚಿಡುವುದಿಲ್ಲ. ಸೇದಿದವನನ್ನು ಜೈಲಿಗೆ ಕಳಿಸುವುದು ನಿಲ್ಲಬೇಕು, ಅಂಗಡಿ ಮಾತ್ರ ಬೇಡ. ಗಾಂಜಾ ವ್ಯಾಪಾರದ ಬಹುಪಾಲು ಆದಾಯ ಬರುವುದು ಅಪರೂಪಕ್ಕೆ ಸೇದುವವರಿಂದಲ್ಲ, ದಿನವೂ ಸೇದುವವರಿಂದ. ಅಂಗಡಿ ಉಳಿಯಬೇಕಾದರೆ ಅಂಥವರು ಹೆಚ್ಚಬೇಕು. ಬಾಗಿಲಿಗೆ ಹದಿನೆಂಟು, ಇಪ್ಪತ್ತೊಂದು ಎಂದು ವಯಸ್ಸಿನ ಫಲಕ ತೂಗುಹಾಕಬಹುದು. ಮದ್ಯದ ಅಂಗಡಿಯ ಮುಂದೆಯೂ ಅಂಥ ನಿಯಮವಿದೆ. ಅದು ಎಷ್ಟು ನಡೆಯುತ್ತದೆ ಎಂಬುದನ್ನು ನನ್ನ ತರಗತಿಯ ಹುಡುಗರೇ ಹೇಳಬಲ್ಲರು.

ಜೈಲಿನ ಭಯದಿಂದಾದ ಹಾನಿಯನ್ನೂ ನಾನು ಚಿಕ್ಕಪ್ಪನ ಮನೆಯಲ್ಲೇ ಕಂಡೆ. ಮಗನ ಬ್ಯಾಗಿನ ಒಳಜೇಬಿನಲ್ಲಿ ಪೊಟ್ಟಣ ಸಿಕ್ಕ ದಿನವೇ ಅವರಿಗೆ ಕಾರಣ ಗೊತ್ತಾಗಿತ್ತು. ಆದರೂ ಮೊದಲು ಜ್ಯೋತಿಷಿಯ ಬಳಿ ಹೋದರು, ಆಮೇಲೆ ದೇವಸ್ಥಾನದಲ್ಲಿ ಪ್ರಸಾದ ಕೇಳಿಸಿದರು. ಕೊಟ್ಟಿಗೆಯ ಪಕ್ಕಕ್ಕೆ ಕರೆದುಕೊಂಡು ಹೋಗಿ ನನ್ನನ್ನು ಮೆಲ್ಲಗೆ ಕೇಳಿದರು: “ತಮಾ, ಆಸ್ಪತ್ರೆಯವರು ಪೊಲೀಸರಿಗೆ ಹೇಳಿಬಿಡುತ್ತಾರಲ್ಲ? ಹುಡುಗನ ಪಾಸ್‌ಪೋರ್ಟ್, ನೌಕರಿ ಎಲ್ಲ ಹೋಗುತ್ತದಲ್ಲ?” ನಾನು ಬಿ.ಎಸ್ಸಿ., ಎಂ.ಎಸ್ಸಿ. ಓದಿದವನು, ಆ ಹೊತ್ತಿಗೆ ನನಗೂ ಖಚಿತವಾಗಿ ಗೊತ್ತಿರಲಿಲ್ಲ. ಯಲ್ಲಾಪುರ ದಾಟಿ ಧಾರವಾಡದ ಮಾನಸಿಕ ಆಸ್ಪತ್ರೆಗೆ ಅವನನ್ನು ಕರೆದೊಯ್ಯುವಷ್ಟರಲ್ಲಿ ನಾಲ್ಕು ತಿಂಗಳು ಕಳೆದಿತ್ತು. ಚಿತ್ತವಿಕಲತೆಗೆ ಚಿಕಿತ್ಸೆ ತಡವಾದಷ್ಟೂ ಗುಣವಾಗುವುದು ನಿಧಾನ. ಅವನು ಈಗ ಮಾತ್ರೆ ತೆಗೆದುಕೊಳ್ಳುತ್ತಾನೆ, ತೋಟ ನೋಡಿಕೊಳ್ಳುತ್ತಾನೆ. ಓದು ಅಲ್ಲಿಗೇ ನಿಂತಿದೆ.

ಆದ್ದರಿಂದ ಈ ಜಿಲ್ಲೆಯ ಪ್ರತಿ ಮನೆಗೂ ಇಷ್ಟು ತಲುಪಲಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಮದ್ಯ ಮತ್ತು ಮಾದಕ ವಸ್ತುಗಳಿಂದಾದ ಮಾನಸಿಕ ತೊಂದರೆಯನ್ನೂ ಕಾಯಿಲೆ ಎಂದೇ ಎಣಿಸುತ್ತದೆ. ರೋಗಿಯ ವಿವರವನ್ನು ಗುಟ್ಟಾಗಿಡುವ ಹೊಣೆಯನ್ನು ವೈದ್ಯರ ಮೇಲೆ ಹಾಕುತ್ತದೆ. ಎನ್‌ಡಿಪಿಎಸ್ ಕಾಯ್ದೆಯಲ್ಲಿಯೇ 64ಎ ಎಂಬ ಕಲಮಿದೆ. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ವ್ಯಸನಮುಕ್ತಿ ಚಿಕಿತ್ಸೆಗೆ ಸೇರಿ ಅದನ್ನು ಪೂರ್ಣಗೊಳಿಸಿದರೆ ಆ ಅಪರಾಧಕ್ಕಾಗಿ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮವಿದೆ; ಯಾವ ದಿನ ಎಂದು ಆಸ್ಪತ್ರೆಯಲ್ಲಿ ಕೇಳಿದರೆ ಹೇಳುತ್ತಾರೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನದ ವಿಚಾರಕ್ಕೆ 14446 ಇದೆ. ಎರಡಕ್ಕೂ ದುಡ್ಡಿಲ್ಲ. 64ಎ ಕಲಮಿನ ವಿಷಯವನ್ನು ಚಿಕ್ಕಪ್ಪನಿಗೆ ಮೊದಲು ಹೇಳಿದವರು ಧಾರವಾಡದ ಆ ವೈದ್ಯರು, ನಾಲ್ಕು ತಿಂಗಳ ನಂತರ.